ತಿಂದ ಮೇಲೆ ತಕರಾರಿಲ್ಲ

ಬರ್ಮಾದ ಹಳೆಯ ಕಾನೂನಿನ ಓಲೆಗರಿಗಳನ್ನು ಓದಿ, ಯಾವುದು ಮೊದಲು ಬರೆದದ್ದು, ಯಾವುದು ಆಮೇಲೆ ನಕಲು ಮಾಡಿದ್ದು ಎಂದು ಗುರುತಿಸುವುದು ನನ್ನ ಕೆಲಸ. ಸಿಂಗಪುರದ ಕನ್ನಡದವರ ಊಟದ ಪಂಕ್ತಿಯಲ್ಲಿ ಇದನ್ನು ಹೇಳಿದರೆ ಸಾಕು, ಎದುರಿಗಿದ್ದವರ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ ಮೂಡುತ್ತದೆ. ಬ್ಯಾಂಕಿನವರು, ಸಾಫ್ಟ್‌ವೇರಿನವರು, ಎಲ್ಲರೂ ಒಳ್ಳೆಯವರೇ. ಆದರೆ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು "ಅದಕ್ಕೆಲ್ಲಾ ಸ್ಕೋಪ್ ಇದ್ಯಾ?" ಎಂದು ಕೇಳದವರನ್ನು ನಾನಿನ್ನೂ ಕಂಡಿಲ್ಲ. ಸ್ಕೋಪ್ ಇಲ್ಲ. ಇದ್ದಿದ್ದರೆ ಅವರೇ ಬಂದು ಮಾಡುತ್ತಿದ್ದರು.

"ಬರ್ಮಾದಲ್ಲೂ ಮನುನೇನಮ್ಮ? ಅಲ್ಲಿಗೂ ನಾವೇ ಎಕ್ಸ್‌ಪೋರ್ಟ್ ಮಾಡಿದ್ವಿ ಅನ್ನು," ಎಂದು ಒಬ್ಬ ಅಂಕಲ್ ಯುಗಾದಿ ಊಟದಲ್ಲಿ ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು. ಅಲ್ಲಿನ ಕಾನೂನು ತಂದವನಿಗೂ ಮನು ಎಂಬ ಹೆಸರು ಇಲ್ಲಿಂದ ಹೋದದ್ದು ನಿಜ, ಮನುಷ್ಯ ಬೇರೆ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಅವರು ಪಾಯಸದ ಕಡೆ ನಡೆದಿದ್ದರು. ಇಲ್ಲಿಯಾದರೂ ಹೇಳುತ್ತೇನೆ. ಬರ್ಮಾದವರ ಮನು ದನ ಕಾಯುತ್ತಿದ್ದ ಹುಡುಗ. ಜೊತೆಯವರ ಜಗಳ ಬಿಡಿಸುತ್ತಾ ಬಿಡಿಸುತ್ತಾ ಹೆಸರು ಮಾಡಿ ರಾಜನ ನ್ಯಾಯಾಧೀಶನಾದ. ಒಬ್ಬನ ಸೌತೆಬಳ್ಳಿ ಬೇಲಿ ದಾಟಿ ಪಕ್ಕದವನ ಹಿತ್ತಲಲ್ಲಿ ಕಾಯಿ ಬಿಟ್ಟ ವ್ಯಾಜ್ಯ ಅವನ ಮುಂದೆ ಬಂತು. ಕಾಯಿ ಯಾರ ನೆಲದಲ್ಲಿದೆಯೋ ಅವರದು ಎಂದ. ಆಮೇಲೆ ತಪ್ಪೆಂದು ಹೊಳೆದು, ಇಲ್ಲ, ಬೇರು ಯಾರದೋ ಕಾಯಿ ಅವರದು ಎಂದು ತಿದ್ದಿದ. ಇಷ್ಟು ಚಿಕ್ಕ ವಿಷಯದಲ್ಲೇ ಎಡವಿದೆನಲ್ಲ ಎಂದು ನೊಂದು, ಕೆಲಸ ಬಿಟ್ಟು ತಪಸ್ಸಿಗೆ ಹೋದ. ಅಲ್ಲಿ ಅವನಿಗೆ ಲೋಕದ ಅಂಚಿನ ಗೋಡೆಯ ಮೇಲೆ ಭಾರೀ ದೊಡ್ಡ ಅಕ್ಷರಗಳಲ್ಲಿ ಕಾನೂನು ಬರೆದಿರುವುದು ಕಾಣಿಸಿತಂತೆ. ಅದನ್ನು ಓದಿಕೊಂಡು ಬಂದು ರಾಜನಿಗೆ ಒಪ್ಪಿಸಿದ. ಕೆಲಸ ಬಿಟ್ಟು ಹೋದ ಎನ್ನುವ ಭಾಗ ನನಗೆ ಬಹಳ ಇಷ್ಟ.

ಈ ಬಗೆಯ ಗ್ರಂಥಗಳಿಗೆ ಧಮ್ಮಸತ್ಥ ಎನ್ನುತ್ತಾರೆ, ಅಂದರೆ ನಮ್ಮ ಧರ್ಮಶಾಸ್ತ್ರ ಎಂಬ ಮಾತೇ. ಸುಮಾರು ಎಂಟುನೂರು ವರ್ಷ ಹಿಂದೆ ಬರ್ಮಾ ಆಳಿದ ಪಗಾನ್ ರಾಜರ ಕಾಲದ ಶಾಸನಗಳಲ್ಲಿ ಅದರ ಹೆಸರು ಬರುತ್ತದೆ, ಆಗಿನ ಗ್ರಂಥ ಮಾತ್ರ ಉಳಿದಿಲ್ಲ. ಈಗ ಸಿಗುವುದೆಲ್ಲ ಎಷ್ಟೋ ತಲೆಮಾರು ಆಮೇಲಿನ ನಕಲಿನ ನಕಲು. ಗೆದ್ದಲು, ತೇವ, ಬೆಂಕಿ, ಯುದ್ಧ ಎಲ್ಲವೂ ತಿಂದು ಬಿಟ್ಟದ್ದು ನಮ್ಮ ಪಾಲಿಗೆ. ಮೇಲೊಂದು ಪಾಳಿ ಭಾಷೆಯ ಮಾತು, ಅದರ ಹಿಂದೆಯೇ ಬರ್ಮೀಸಿನಲ್ಲಿ ಅರ್ಥ, ಮತ್ತೊಂದು ಪಾಳಿ ಮಾತು, ಮತ್ತೆ ಅರ್ಥ. ದುಂಡುದುಂಡಗಿನ ಅಕ್ಷರಗಳು ಒಂದರ ಬೆನ್ನಿಗೆ ಒಂದು ಉರುಳುತ್ತವೆ. ಪುಂಗೋಲ್‌ನ ಮನೆಯಿಂದ ಮೊದಲು ಎಲ್‌ಆರ್‌ಟಿಯ ಪುಟ್ಟ ರೈಲು, ಆಮೇಲೆ ಎಂಆರ್‌ಟಿಯ ದೊಡ್ಡ ರೈಲು, ಆಮೇಲೆ ಬಸ್ಸು ಹಿಡಿದು ದ್ವೀಪದ ಆ ತುದಿಯ ವಿಶ್ವವಿದ್ಯಾಲಯ ಮುಟ್ಟಿ, ಎಸಿ ಕೊರೆಯುವ ಕೋಣೆಯಲ್ಲಿ ಕೂತು ಪರದೆಯ ಮೇಲೆ ಈ ಗರಿಗಳ ಫೋಟೊ ದೊಡ್ಡದು ಮಾಡಿ ಓದುತ್ತೇನೆ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಮನೆ ಸೇರುವ ಹೊತ್ತಿಗೆ ಮೈ ಹಿಂಡಿ ಹಾಕಿದ ಬಟ್ಟೆಯಂತಾಗಿರುತ್ತದೆ.

ಕಳೆದ ವರ್ಷ ನಮ್ಮ ಮನೆಯಲ್ಲೇ ಒಂದು ವ್ಯಾಜ್ಯ ತೀರ್ಮಾನವಾಗಬೇಕಿತ್ತು. ನಾನೂ ನನ್ನ ಗಂಡನೂ ಬೇರೆಯಾಗಿ ಸ್ವಲ್ಪ ಕಾಲವಾಗಿತ್ತು. ಅವನು ಸೆಂಬವಾಂಗ್‌ನಲ್ಲಿ ರೂಮು ಹಿಡಿದಿದ್ದ. ದೊಡ್ಡ ಜಗಳವೇನೂ ಇಲ್ಲ. ಕುಡಿತವಿಲ್ಲ, ಇನ್ನೊಬ್ಬಳಿಲ್ಲ, ಕೈ ಎತ್ತಿದ್ದಿಲ್ಲ. ಇಬ್ಬರಿಗೂ ಸಾಕಾಗಿತ್ತು, ಅಷ್ಟೇ. ಈ ಮಾತನ್ನು ಮೈಸೂರಿನ ನಮ್ಮ ಮನೆಯವರಲ್ಲಿ ಯಾರಿಗೂ ನಂಬಿಸಲಾಗಲಿಲ್ಲ. ಏನೋ ಮುಚ್ಚಿಡುತ್ತಿದ್ದಾಳೆ ಎಂದೇ ಎಲ್ಲರ ಗುಮಾನಿ. ಹೀಗಿರುವಾಗ ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿದ್ದ ಅವನ ಟೀಮು ಪೂರ್ತಿ ಬೆಂಗಳೂರಿಗೆ ಶಿಫ್ಟ್ ಆಗುತ್ತದೆ ಎಂದು ತಿಳಿಯಿತು. ಅವನು ಹೋಗುವುದು ಖಂಡಿತ. ನಾನು ಇಲ್ಲೇ ಉಳಿಯುವುದೂ ಖಂಡಿತ. ಹೈಸ್ಕೂಲಿಗೆ ಕಾಲಿಟ್ಟಿದ್ದ ಮಗಳು ಯಾರ ಜೊತೆ ಇರಬೇಕು? ಅದೊಂದೇ ಪ್ರಶ್ನೆ.

ನನಗೆ ಮಗಳು ಬೇಕಿತ್ತು. ಸುತ್ತಿ ಬಳಸಿ ಹೇಳುವುದೇನಿದೆ. ಅವಳ ಒದ್ದೆ ಟವಲು, ಬಾಗಿಲಿಗೆ ಅಡ್ಡ ಬಿದ್ದಿರುವ ಶೂಸು, ಮಾತಿನ ಕೊನೆಗೊಂದು ಸಿಂಗಪುರದವರ 'ಲಾ', ಎಲ್ಲಾ ನನ್ನ ಮನೆಯಲ್ಲೇ ಇರಬೇಕಿತ್ತು. ಅವನಿಗೂ ಬೇಕಿತ್ತು ಎನ್ನುವುದು ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಕೇಳುವ ಜಾಯಮಾನ ಅವನದಲ್ಲ, ಕೇಳಲಿ ಎಂದು ಕಾಯುವ ತಾಳ್ಮೆ ನನ್ನದಲ್ಲ.

ಆ ದಿನಗಳಲ್ಲಿ ನಾನು ಓದುತ್ತಿದ್ದದ್ದು ಗಂಡ ಹೆಂಡಿರು ಬೇರೆಯಾಗುವ ಅಧ್ಯಾಯ. ಗ್ರಹಚಾರವೋ ಏನೋ. ಆ ಹಳಬರು ಈ ವಿಷಯದಲ್ಲಿ ನಮಗಿಂತ ಎಷ್ಟೋ ಮೇಲು. ಇಬ್ಬರೂ ಒಪ್ಪಿ ಬಿಡುವುದಾದರೆ ಬಿಡಬಹುದು, ತಪ್ಪು ಹುಡುಕುವ ಅಗತ್ಯವಿಲ್ಲ. ಇಬ್ಬರೂ ಸೇರಿ ಸಂಪಾದಿಸಿದ್ದು ಇಬ್ಬರಿಗೂ ಸಮ. ಮನೆ ಬಿಟ್ಟು ಹೋದ ಗಂಡ ವರ್ಷಗಟ್ಟಲೆ ಒಂದು ಸೊಪ್ಪಿನ ಎಲೆಯನ್ನಾಗಲೀ ಒಂದು ಸೌದೆ ಕಡ್ಡಿಯನ್ನಾಗಲೀ ಕಳಿಸದಿದ್ದರೆ ಹೆಂಡತಿ ತನ್ನ ದಾರಿ ನೋಡಿಕೊಳ್ಳಬಹುದು. ಮಕ್ಕಳ ಮಾತು ಬಂದರೆ, ಗಂಡು ಮಕ್ಕಳು ಅಪ್ಪನಿಗೆ, ಹೆಣ್ಣು ಮಕ್ಕಳು ಅಮ್ಮನಿಗೆ. ನನ್ನ ಮುಂದಿದ್ದ ಪ್ರತಿಗಳಲ್ಲಿ ಕಾಗುಣಿತ ಬೇರೆ, ಸಾಲುಗಳ ಕ್ರಮ ಬೇರೆ, ಈ ಮಾತು ಮಾತ್ರ ಎಲ್ಲ ಕಡೆಯೂ ಒಂದೇ.

ಫೋನಿನಲ್ಲಿ ಅದನ್ನು ಅವನಿಗೆ ತಮಾಷೆಯಂತೆ ಹೇಳಿದೆ. ತಮಾಷೆಯಾಗಿರಲಿಲ್ಲ.

"ಸರಿ ಬಿಡು. ಬರ್ಮಾದವರೇ ಹೇಳಿದ್ಮೇಲೆ ಇನ್ನೇನು. ಭಾನುವಾರ ಬರ್ತೀನಿ, ಕೂತು ಫೈನಲ್ ಮಾಡಣ," ಎಂದ.

ಶನಿವಾರ ಸಿಟಿ ಹಾಲ್ ಹತ್ತಿರ, ಬರ್ಮಾದವರ ಅಂಗಡಿಗಳೇ ತುಂಬಿರುವ ಹಳೆಯ ಮಾಲಿಗೆ ಹೋಗಿ ಲಪೆಟ್ ತಂದೆ. ಲಪೆಟ್ ಅಂದರೆ ಹುದುಗಿಸಿಟ್ಟ ಚಹಾ ಎಲೆ. ನಾವು ಚಹಾ ಕುಡಿಯುತ್ತೇವೆ, ಅವರು ಕುಡಿಯುವುದಲ್ಲದೆ ತಿನ್ನುತ್ತಾರೆ ಕೂಡ. ಕರಿದ ಬೆಳ್ಳುಳ್ಳಿ, ಕಡಲೆಕಾಯಿ ಬೀಜ, ಹುರಿದ ಎಳ್ಳು, ಕರಿದ ಕಾಳು ಎಲ್ಲ ಸೇರಿಸಿ ಕಲೆಸಿದರೆ ಕಹಿ, ಹುಳಿ, ಒಗರು ಒಟ್ಟಿಗೇ ಬಾಯಿಗೆ ಬರುತ್ತದೆ. ಒಣ ಸೀಗಡಿ ಹಾಕಬೇಡಿ ಎಂದು ಎರಡೆರಡು ಸಲ ಹೇಳಿ ಕಟ್ಟಿಸಿಕೊಂಡೆ. ಹಿಂದಿನ ಕಾಲದಲ್ಲಿ ಅವರ ವ್ಯಾಜ್ಯಗಳು ತೀರ್ಪಿನಿಂದ ಮುಗಿಯುತ್ತಿರಲಿಲ್ಲ, ಲಪೆಟ್‌ನಿಂದ ಮುಗಿಯುತ್ತಿದ್ದವು. ತೀರ್ಪು ಹೇಳಿದ ಮೇಲೆ ಎರಡೂ ಕಡೆಯವರು ಒಟ್ಟಿಗೆ ಕೂತು ಅದನ್ನು ತಿನ್ನಬೇಕು. ತಿಂದರೆ ಒಪ್ಪಿದ ಹಾಗೆ. ಆಮೇಲೆ ಆ ಕೇಸನ್ನು ಯಾರೂ ಎತ್ತುವಂತಿಲ್ಲ. ಯಾರಾದರೂ ಒಬ್ಬರು ತಿನ್ನದಿದ್ದರೆ ಕೇಸು ಇನ್ನೂ ಜೀವಂತ. ಒಂದು ಭಾಷಣಕ್ಕೆಂದು ಇದನ್ನು ನಾನು ಮನೆಯ ಹಾಲಿನಲ್ಲಿ ನಿಂತು ಅದೆಷ್ಟು ಸಲ ಅಭ್ಯಾಸ ಮಾಡಿದ್ದೆನೆಂದರೆ ಗೋಡೆಗೂ ಬಾಯಿಪಾಠವಾಗಿರಬೇಕು.

ಭಾನುವಾರ ಮಧ್ಯಾಹ್ನ ಅವನು ಬಂದ. ಕೈಯಲ್ಲಿ ಒಂದು ಹಲಸಿನ ತೊಳೆಯ ಪೊಟ್ಟಣ. ಮಗಳು ಟ್ಯೂಷನ್‌ನಿಂದ ಬರುವುದಕ್ಕೆ ಇನ್ನೂ ಹೊತ್ತಿತ್ತು. ಮಾತು ಬೇಗನೆ ಮುಗಿಯಿತು. ಅವಳು ನನ್ನ ಜೊತೆ ಇಲ್ಲಿ, ರಜೆಯಲ್ಲಿ ಅವನ ಜೊತೆ ಬೆಂಗಳೂರಲ್ಲಿ. ಅವನು ಎಲ್ಲದಕ್ಕೂ ಹೂಂ ಎಂದ. ವಾದ ಮಾಡುತ್ತಾನೆಂದು ರಾತ್ರಿಯೆಲ್ಲ ಉತ್ತರ ಜೋಡಿಸಿಕೊಂಡಿದ್ದ ನನಗೆ ಒಂದು ಕಡೆ ನಿರಾಳ, ಇನ್ನೊಂದು ಕಡೆ ಸಿಟ್ಟು. ಬೇಕು ಅಂತ ಒಂದು ಸಲ ಹೇಳುವುದಕ್ಕೂ ಆಗುವುದಿಲ್ಲವೇ ಇವನಿಗೆ?

ನಾನು ಲಪೆಟ್ ಕಲೆಸಿ ತಟ್ಟೆಯಲ್ಲಿ ತಂದಿಟ್ಟೆ. ಅವನು ನೋಡಿ ನಕ್ಕ. "ಓಹೋ. ನಿಶ್ಚಯಕ್ಕೆ ತಾಂಬೂಲ, ಬಿಡೋದಕ್ಕೆ ಇದು," ಎಂದ. ನನಗೂ ನಗು ಬಂತು. ನಮ್ಮ ನಿಶ್ಚಯದಲ್ಲಿ ತಟ್ಟೆ ಬದಲಾಯಿಸುವಾಗ ಅವನ ಕಡೆಯವರು ವೀಳ್ಯದೆಲೆಯನ್ನೇ ಮರೆತು ಬಂದು, ಪಕ್ಕದ ಮನೆಗೆ ಓಡಿ ತಂದಿದ್ದರು. ಅದನ್ನು ನೆನೆಸಿಕೊಂಡು ಇಬ್ಬರೂ ಇನ್ನಷ್ಟು ನಕ್ಕೆವು. ಇಷ್ಟು ಚೆನ್ನಾಗಿ ಬಹಳ ಕಾಲದಿಂದ ಮಾತಾಡಿರಲಿಲ್ಲ. ಅವನು ಚಮಚ ಎತ್ತಿಕೊಂಡ. "ತಡಿ, ಅವಳೂ ಬರ್ಲಿ," ಎಂದೆ.

ಮಗಳು ಬಂದು ಚೀಲ ಕೆಳಗಿಟ್ಟು, ತಟ್ಟೆ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು.

"ಕೇಸ್ ಮುಗೀತಾ?"

"ಮುಗೀತು ಪುಟ್ಟ," ಎಂದ ಅವನು. "ನೀನು ಅಮ್ಮನ ಜೊತೆ ಇಲ್ಲೇ. ರಜಕ್ಕೆ ನನ್ನ ಹತ್ರ. ಓಕೆನಾ?"

ಅವಳು ಓಕೆ ಅನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ನಾನು ಚಮಚದಲ್ಲಿ ಸ್ವಲ್ಪ ತೆಗೆದು ಅವಳ ಮುಂದೆ ಹಿಡಿದೆ. ಅವಳು ಬಾಯಿ ತೆರೆಯಲಿಲ್ಲ.

"ನಾನು ತಿಂದ್ರೆ ಒಪ್ಕೊಂಡ ಹಾಗೆ ಅಲ್ವಾ? ನೀನೇ ಹೇಳ್ತಿದ್ಯಲ್ಲ. ನನ್ನ ಯಾರೂ ಕೇಳೇ ಇಲ್ಲ ಲಾ."

ಚಮಚ ತಟ್ಟೆಗೆ ವಾಪಸ್ಸಿಟ್ಟೆ. ಅಷ್ಟೊಂದು ಪ್ರತಿಗಳನ್ನು ಹೋಲಿಸಿ ನೋಡಿದವಳು ನಾನು. ಮಗುವನ್ನು ಕೇಳಬೇಕು ಎಂದು ನಾನು ಓದಿದ ಯಾವ ಗರಿಯಲ್ಲೂ ಇರಲಿಲ್ಲ. ಇಲ್ಲ ಎನ್ನುವುದು ಆ ಗಳಿಗೆಯವರೆಗೆ ನನಗೆ ಹೊಳೆದೂ ಇರಲಿಲ್ಲ. ಗಂಡನ ಕಡೆ ನೋಡಿದೆ. ಅವನು ಹಲಸಿನ ಪೊಟ್ಟಣದ ಗಂಟು ಬಿಚ್ಚುತ್ತಾ ಕೂತಿದ್ದ.

"ಸರಿ. ಈಗ ಕೇಳ್ತೀನಿ. ಯಾರ ಜೊತೆ ಇರ್ತೀಯ?" ಎಂದೆ. ಉತ್ತರ ಏನೆಂದು ನನಗೆ ಗೊತ್ತಿದೆ ಎಂದುಕೊಂಡೇ ಕೇಳಿದ್ದು.

"ಅಪ್ಪನ ಜೊತೆ."

ಫ್ಯಾನು ತಿರುಗುತ್ತಿತ್ತು. ಕೆಳಗೆ ಕಟ್ಟಡದ ಬುಡದ ತೆರೆದ ವಾಯ್ಡ್ ಡೆಕ್ಕಿನಲ್ಲಿ ಯಾರದೋ ಮದುವೆಗೆ ಕುರ್ಚಿ ಜೋಡಿಸುವ ಸದ್ದು ಕೇಳುತ್ತಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮಕ್ಕಳ ಸಿಟ್ಟು ಎಷ್ಟು ದಿನ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು.

"ಸ್ಕೂಲು? ಫ್ರೆಂಡ್ಸು?" ಎಂದೆ. "ಅಲ್ಲಿ ಕನ್ನಡ ಬೇರೆ ಬರಿಯೋಕೆ ಬರಲ್ಲ ನಿಂಗೆ."

"ಕಲ್ತ್ಕೋತೀನಿ." ಆಮೇಲೆ ಸ್ವಲ್ಪ ಮೆತ್ತಗೆ ಹೇಳಿದಳು: "ನಾನು ಯೋಚನೆ ಮಾಡಿದೀನಿ ಅಮ್ಮ. ಅಪ್ಪ ನನ್ನ ಮಾತು ಪೂರ್ತಿ ಕೇಳ್ತಾನೆ. ನೀನು ಬರೋ ಹೊತ್ತಿಗೆ ನಿಂಗೆ ತುಂಬಾ ಸುಸ್ತಾಗಿರತ್ತೆ. ನಾನು ಏನಾದ್ರೂ ಹೇಳೋಕೆ ಬಂದ್ರೆ ಕಣ್ಣು ಮುಚ್ಕೊಂಡು ಹೂಂ ಹೂಂ ಅಂತೀಯ. ನಾನು ಹೋದ್ರೆ ನಿಂಗೂ ರೆಸ್ಟ್ ಸಿಗತ್ತೆ."

"ಏಯ್, ಅಮ್ಮಂಗೆ ರೆಸ್ಟ್ ಸಿಗ್ಲಿ ಅಂತೆಲ್ಲ ನೀನು ಬರಬೇಡ," ಎಂದ ಅವನು.

"ಅದಕ್ಕೆ ಮಾತ್ರ ಅಲ್ಲ ಅಪ್ಪ. ನಂಗೂ ಬರಬೇಕು ಅಂತ ಇದೆ."

ಅವನು ಅಳುತ್ತಿದ್ದ. ಹದಿಹರೆಯದ ಮಗಳ ಎದುರು, ಹಲಸಿನ ತೊಳೆ ಕೈಯಲ್ಲಿ ಹಿಡಿದುಕೊಂಡು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಅವನಿಗೂ ಬೇಕಿತ್ತು ಅಂದೆನಲ್ಲ, ಎಷ್ಟು ಬೇಕಿತ್ತು ಎನ್ನುವುದು ಗೊತ್ತಿರಲಿಲ್ಲ.

ಅವಳು ಚಮಚ ತೆಗೆದುಕೊಂಡು ಲಪೆಟ್ ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು. ನುಂಗಿದಳು. ತಟ್ಟೆಯನ್ನು ಅಪ್ಪನ ಕಡೆ ತಳ್ಳಿದಳು. ಅವನು ಕಣ್ಣೊರೆಸಿಕೊಂಡು, ನನ್ನ ಕಡೆ ನೋಡದೆ ಒಂದು ಚಿಟಿಕೆ ತಿಂದ. ಆಮೇಲೆ ಅವಳು ತಟ್ಟೆಯನ್ನು ನನ್ನ ಮುಂದೆ ಇಟ್ಟಳು.

ತಿನ್ನದೆ ಎದ್ದು ಹೋಗಬಹುದಿತ್ತು. ಆ ಕಾನೂನು ನನಗಿಂತ ಚೆನ್ನಾಗಿ ಗೊತ್ತಿರುವವರು ಈ ಊರಿನಲ್ಲಿ ಎಷ್ಟು ಜನ ಇದ್ದಾರು. ತಿನ್ನದಿದ್ದರೆ ಕೇಸು ಮುಗಿಯುವುದಿಲ್ಲ. ನಾಳೆ ಮತ್ತೆ ಎತ್ತಬಹುದು, ನಾಡಿದ್ದು ಎತ್ತಬಹುದು, ವಕೀಲರ ಹತ್ತಿರ ಹೋಗಬಹುದು, ಮೈಸೂರಿನವರಿಂದ ಫೋನು ಮಾಡಿಸಬಹುದು. ಅವಳು ನನ್ನನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ, ಹೆದರಿಕೆಯೂ ಅಲ್ಲ. ಕೇಳಿದ ಮಾತಿಗೆ ಉತ್ತರ ಬರುತ್ತದೋ ಇಲ್ಲವೋ ಎಂದು ಕಾಯುವ ನೋಟ.

ತಿಂದೆ.

"ಹೇಗಿದೆ?" ಎಂದಳು.

"ಚೆನ್ನಾಗಿದೆ," ಎಂದೆ.

ನುಂಗಿದ ಮೇಲೆ ಗೊತ್ತಾಯಿತು, ಆ ಹೊತ್ತಿನಲ್ಲಿ ನನಗೆ ಒಂದಿಷ್ಟೂ ಸುಸ್ತಿರಲಿಲ್ಲ. ದಿನಗಟ್ಟಲೆ ಕೂತು ವಾದ ಮಾಡುವಷ್ಟು ಶಕ್ತಿ ಮೈಯಲ್ಲಿತ್ತು.