ಬಾಬಯ್ಯನ ಒಕ್ಕಲು

ಕೊತ್ತಗೆರೆ ಪಕ್ಕದ ಊರಿನ ಚಿಕ್ಕಬೀರಯ್ಯ ನಲವತ್ತು ವರ್ಷದಿಂದ ಮೊಹರಮ್ಮಿನಲ್ಲಿ ಬಾಬಯ್ಯನ ಪಂಜಾ ಎತ್ತಿದವನು. ಬೆಳ್ಳಿಯ ಆ ಹಸ್ತವನ್ನು ಬಿದಿರಿಗೆ ಕಟ್ಟಿ ಹೊತ್ತು ಬಂದರೆ ಹೆಂಗಸರು ಅವನ ಕಾಲಿಗೆ ನೀರು ಹುಯ್ಯುತ್ತಿದ್ದರು. ಜನ ತಂದ ಸಕ್ಕರೆಯ ಮೇಲೆ ಬಾಬಯ್ಯನ ಗುಡಿ ನೋಡಿಕೊಳ್ಳುವ ದಸ್ತಗೀರ್ ಸಾಬರು ಫಾತೆಹಾ ಓದುತ್ತಿದ್ದರು. ಓದಿಸಿದ ಸಕ್ಕರೆಯಲ್ಲಿ ಮೊದಲ ಚಿಟಿಕೆ ಪಂಜಾ ಎತ್ತಿದವನಿಗೆ, ಮಿಕ್ಕಿದ್ದು ಊರಿಗೆ. ಇದರಲ್ಲಿ ಯಾರು ಹಿಂದೂ, ಯಾರು ಮುಸ್ಲಿಂ ಎಂದು ವಿಚಾರಿಸುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ.

ಹೋದ ವರ್ಷ ಹಬ್ಬ ಮುಗಿದ ಮೇಲೆ ಎಲ್ಲರಿಗೂ ಪುರುಸೊತ್ತು ಬಂತು. ಸಾಬರ ದೇವರನ್ನು ನಮ್ಮವರು ಯಾಕೆ ಹೊರಬೇಕು ಎಂದು ಒಂದು ಗುಂಪು ಎದ್ದಿತು. ಇನ್ನೊಂದು ಗುಂಪು ಕುಣಿಗಲ್‌ನಿಂದ ಬಂದು, ಇಸ್ಲಾಮಿನಲ್ಲಿ ಇದೆಲ್ಲ ಇಲ್ಲ ಎಂದು ಎಂಬತ್ತು ವರ್ಷದ ದಸ್ತಗೀರ್ ಸಾಬರಿಗೇ ಪಾಠ ಹೇಳಿತು. ಎಣ್ಣೆ ಸೀಗೇಕಾಯಿಯಂತಿದ್ದ ಇವರು ಬಾಬಯ್ಯನ ಗುಡಿ ಮುಚ್ಚಿಸುವುದರಲ್ಲಿ ಮಾತ್ರ ಒಂದಾದರು. ಸರ್ಕಾರ ಬೀಗ ಜಡಿಯಿತು. ಚಿಕ್ಕಬೀರಯ್ಯನಿಗೆ ಅವರೆಲ್ಲರ ಮುಖ ಕಂಡರೆ ಹೇಸಿಗೆಯಾಗುತ್ತಿತ್ತು.

ಈ ವರ್ಷದ ಮೊಹರಮ್ಮಿನೊಳಗೆ ಬೀಗ ತೆಗೆಸಬೇಕೆಂದು ತುಮಕೂರಿನ ಕಚೇರಿಗೆ ಐದು ಸಲ ಅಲೆದ. ಅರ್ಜಿಯಲ್ಲಿ ಧರ್ಮದ ಕಾಲಂ ಇತ್ತು. ಮನೆಯ ಪೆಟ್ಟಿಗೆಯಲ್ಲಿದ್ದ ಮಹಾರಾಜರ ಕಾಲದ ಅಪ್ಪಣೆ ಕಾಗದದಲ್ಲಿ ಅವನ ತಾತನನ್ನು 'ಬಾಬಯ್ಯನ ಒಕ್ಕಲು' ಎಂದು ಕರೆದಿದ್ದರು. ಅದನ್ನೇ ನೋಡಿಕೊಂಡು ಕಾಲಂ ತುಂಬಿದ.

ಗುಮಾಸ್ತ ಶಿವರಾಮಯ್ಯ ಅದರ ಮೇಲೆ ಕೆಂಪು ಗೆರೆ ಎಳೆದ.

"ಇದು ಧರ್ಮ ಅಲ್ಲ ಕಣ್ರೀ. ಹಿಂದೂ ಅಂದ್ರೆ ಫೈಲು ಮುಜರಾಯಿಗೆ ಹೋಗ್ತದೆ, ಮುಸ್ಲಿಂ ಅಂದ್ರೆ ವಕ್ಫ್‌ಗೆ. ಯಾವ್ದಾದ್ರೂ ಒಂದು ಬರೀರಿ."

"ಸರ್ಕಾರಕ್ಕೆ ಧರ್ಮ ಇಲ್ಲ ಅಂತಾರಲ್ಲ ಸ್ವಾಮಿ."

"ಸರ್ಕಾರಕ್ಕಿಲ್ಲ. ಅದ್ಕೇ ನಿಮ್ದು ಕೇಳ್ತಾ ಇರೋದು."

ಹಿಂದೂ ಎಂದು ಬರೆದರೆ ದಸ್ತಗೀರ್ ಸಾಬರು ಹೊರಗೆ. ಮುಸ್ಲಿಂ ಎಂದು ಬರೆದರೆ ತಾನೇ ಹೊರಗೆ. ಎರಡನ್ನೂ ಬರೆಯದೆ ಚಿಕ್ಕಬೀರಯ್ಯ ಅರ್ಜಿ ಮಡಚಿಕೊಂಡು ಬಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿ ಕಹಿಯಾಗಿತ್ತು.

ಹಬ್ಬದ ಹತ್ತನೆಯ ದಿನ ಪಂಜಾ ಬೀಗದೊಳಗೇ ಉಳಿಯಿತು. ದಸ್ತಗೀರ್ ಸಾಬರು ಹೊರಗಿನ ಜಗಲಿಯ ಮೇಲೆ ಕೂತು, ಬಂದವರ ಸಕ್ಕರೆಯ ಮೇಲೆ ಓದಿ ಕಳಿಸುತ್ತಿದ್ದರು. ಹನ್ನೊಂದು ಗಂಟೆಗೆ ಒಂದು ಕಾರು ನಿಂತಿತು. ಇಳಿದವನು ಶಿವರಾಮಯ್ಯ. ಕೈಯಲ್ಲಿ ಒಂದು ಕೆಜಿ ಸಕ್ಕರೆ.

"ಮೊಮ್ಮಗೀಗೆ ಜ್ವರ ಬಿಡ್ತಾ ಇಲ್ಲ. ಗುಬ್ಬೀಲಿರೋ ನಮ್ಮವ್ವ ಬಾಬಯ್ಯಂಗೆ ಹರಕೆ ಹೊತ್ತವ್ರೆ. ಒಸಿ ಓದ್ಸಿಕೊಡಿ."

ಚಿಕ್ಕಬೀರಯ್ಯನಿಗೆ ಮೈಯೆಲ್ಲ ಉರಿಯಿತು. ಕೆಂಪು ಗೆರೆ ಎಳೆದ ಕೈ ಇದೇ. ಇಂಥವನನ್ನು ಬೈದರೆ ತನ್ನ ನಾಲಿಗೆಯೇ ಹೊಲಸಾದೀತು ಅನ್ನಿಸಿತು. ಆದರೂ ಕೇಳಿದ:

"ಈ ಸಕ್ಕರೆ ಯಾವ ಇಲಾಖೆಗೆ ಸೇರ್ತದೆ ಸ್ವಾಮಿ?"

ಶಿವರಾಮಯ್ಯ ಸಕ್ಕರೆ ಪೊಟ್ಟಣವನ್ನು ಜಗಲಿಯ ಮೇಲಿಟ್ಟ.

"ಬುಡು ಬೀರಣ್ಣ, ಕೂಸಿಗೆ ಜ್ವರವಂತೆ," ಎಂದು ದಸ್ತಗೀರ್ ಸಾಬರು ಪೊಟ್ಟಣ ತೆಗೆದುಕೊಂಡು ಕಣ್ಣು ಮುಚ್ಚಿ ಓದಿದರು. ಓದಿ ಮುಗಿಸಿ, ವಾಡಿಕೆಯಂತೆ ಮೊದಲ ಚಿಟಿಕೆಯನ್ನು ಚಿಕ್ಕಬೀರಯ್ಯನ ಕಡೆ ಚಾಚಿದರು.

ಅವನು ಕೈ ನೀಡಲಿಲ್ಲ.

"ಅದು ಪಂಜಾ ಎತ್ತಿದೋರ್ದು ಸಾಬ್ರೆ. ಈ ವರ್ಷ ಯಾರೂ ಎತ್ತಿಲ್ಲ."