ಚೌಡಿ ಬನಕ್ಕೆ ನಾನು ಪಹರೆ ಕೂತದ್ದು

ಅರವತ್ತರ ದಶಕದಲ್ಲಿ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿನವರು ಯಾರು ಸಿಕ್ಕರೂ ಕೇಳುತ್ತಿದ್ದುದು ಒಂದೇ: ‘ಎಂತ ಓದ್ತಿದೀಯ ಮಾರಾಯ?’ ಅಪರಾಧಶಾಸ್ತ್ರ, ಅಂದರೆ ಕಳ್ಳತನ ಆಗದ ಹಾಗೆ ತಡೆಯುವ ವಿದ್ಯೆ, ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ‘ಹಂಗಾರೆ ಪೊಲೀಸಾಗ್ತೀಯಾ?’ ಅಲ್ಲ. ‘ವಕೀಲ?’ ಅಲ್ಲ. ‘ಮತ್ತೆಂತಕ್ಕೆ?’ ಇದಕ್ಕೆ ನಮ್ಮ ವಿಭಾಗದಲ್ಲೇ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆದರೂ ಗೇಣಿ ಒಕ್ಕಲಿನ ಮನೆಯಿಂದ ಎಂ.ಎ.ವರೆಗೆ ಹೋದ ಮೊದಲಿಗ ನಾನು. ಉತ್ತರ ಗೊತ್ತಿಲ್ಲದಿದ್ದರೂ ಜಂಭಕ್ಕೆ ಕೊರತೆಯಿರಲಿಲ್ಲ.

ನಮ್ಮ ಪ್ರೊಫೆಸರು ಬೀಗ, ಬೀದಿದೀಪ, ಪಹರೆ ಎಂಬ ಮೂರರಲ್ಲಿ ಜಗತ್ತಿನ ಕಳ್ಳತನವನ್ನೆಲ್ಲ ನಿಲ್ಲಿಸಬಲ್ಲವರಾಗಿದ್ದರು. ಒಂದೇ ವರ್ಷದಲ್ಲಿ ಅವರ ಕೋಣೆಯಿಂದಲೇ ಮೂರು ಕೊಡೆ ಹೋದವು. ಪ್ರತಿ ಸಲವೂ ಮರುದಿನದ ಪಾಠ ಇನ್ನಷ್ಟು ಜೋರಾಗಿರುತ್ತಿತ್ತು.

ಕೊನೆಯ ವರ್ಷ ಪ್ರಬಂಧಕ್ಕೆಂದು ಪ್ರಶ್ನಾವಳಿ ಹಿಡಿದು ಹೊಸನಗರದ ಕಡೆಗೆ ಹೋದೆ. ಕೋಣಂದೂರಿಗೆ ಹೋಗುವ ದಾರಿಯಲ್ಲಿ ನನ್ನ ಸೋದರತ್ತೆಯ ಊರು. ‘ನಿಮ್ಮ ಮನೆಯ ಬೀಗ ಯಾವ ಬಗೆಯದು?’ ಎಂಬುದು ಮೊದಲನೆಯ ಪ್ರಶ್ನೆ. ‘ಬೀಗ ಹಾಕಿದ್ರೆ ಬಂದೋರು ಆಸರಿಗೆ ನೀರು ಎಲ್ಲಿ ಕುಡೀಬೇಕು?’ ಎಂದು ಒಬ್ಬ ಅಜ್ಜಿ ನನಗೇ ತಿರುಗಿ ಕೇಳಿದಳು. ಹನ್ನೊಂದು ಮನೆ ಸುತ್ತಿದರೂ ಬೀಗದ ಕಾಲಂ ಖಾಲಿಯೇ ಉಳಿಯಿತು.

ಆಗಲೇ ನನ್ನ ಪುಣ್ಯಕ್ಕೆ ಒಂದು ಕಳ್ಳತನ ಆಯಿತು. ಪುಣ್ಯ ಎಂದೇ ಆಗ ಅಂದುಕೊಂಡದ್ದು, ಈಗ ಹೇಳಲು ನಾಚಿಕೆಯಾಗುತ್ತದೆ. ಅತ್ತೆ ಆ ಊರಿನ ಸೂಲಗಿತ್ತಿ. ಅವಳ ಬಳಿ ಒಂದು ತಾಮ್ರದ ಹಂಡೆಯಿತ್ತು. ಯಾರ ಮನೆಯಲ್ಲಿ ಹೆರಿಗೆಯಾದರೂ ಹಂಡೆ ಮುಂದೆ, ಅತ್ತೆ ಹಿಂದೆ. ಆ ಹಂಡೆಯ ನೀರು ಬೀಳದೆ ಬಾಣಂತನ ಮುಗಿಯಿತು ಎಂದು ಯಾರೂ ಒಪ್ಪುತ್ತಿರಲಿಲ್ಲ. ಗಂಡ ಸತ್ತ ಮೇಲೆ ಊರಿನಲ್ಲಿ ಅವಳಿಗೆ ಉಳಿದ ಮರ್ಯಾದೆಯೆಲ್ಲ ಅದರಲ್ಲೇ ಇತ್ತು. ಅವಳು ಕೋಣಂದೂರಿನ ಸಂತೆಗೆ ಹೋಗಿ ಬರುವುದರೊಳಗೆ ಅದು ಮಾಯವಾಯಿತು.

ಅತ್ತೆ ಅಳಲಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು: ‘ಮಂಗಳವಾರದೊಳಗೆ ಹಂಡೆ ಬರ್ದಿದ್ರೆ ಚೌಡಿಗೆ ದೂರು ಹೇಳ್ತೀನಿ!’ ಅಷ್ಟೇ. ಚೌಡಿ ಊರು ಕಾಯುವ ದೇವಿ, ಆ ಊರಿನ ಪದ್ಧತಿ ಅದು. ಹಾಗೆ ಕೂಗಿದ ಮೇಲೆ ಮಂಗಳವಾರದವರೆಗೆ ಚೌಡಿ ಬನದ ದಾರಿಗೆ ಯಾರೂ ಕಾಲಿಡುವುದಿಲ್ಲ, ಆ ಕಡೆ ತಿರುಗಿಯೂ ನೋಡುವುದಿಲ್ಲ. ಹೋದ ಸಾಮಾನು ಬನದಲ್ಲಿ ಸೊಪ್ಪಿನ ಅಡಿಯಲ್ಲಿ ಬಂದು ಕೂತಿರುತ್ತದೆ. ಯಾರು ತಂದಿಟ್ಟರು ಎಂದು ಯಾರೂ ಕೇಳುವುದಿಲ್ಲ.

ನಾನು ನಕ್ಕುಬಿಟ್ಟೆ. ಮೂಢನಂಬಿಕೆ! ಹಂಡೆ ಇದ್ದ ಜಾಗಕ್ಕೆ ದಾರ ಕಟ್ಟಿ, ಹೆಜ್ಜೆಗುರುತು ಹಿಡಿಯಲು ಅಕ್ಕಿಹಿಟ್ಟು ಉದುರಿಸಿದೆ. ಹಿಟ್ಟನ್ನು ಕೋಳಿಗಳು ತಿಂದವು. ಸಿಕ್ಕ ಗುರುತುಗಳೆಲ್ಲ ಕೋಳಿಗಳವೇ. ಆಗ ನನ್ನ ಬುದ್ಧಿಗೆ ಹೊಳೆಯಿತು: ಕಳ್ಳ ಬನಕ್ಕೆ ಬರುವುದು ಖಂಡಿತವಾದರೆ ಅಲ್ಲೇ ಪಹರೆ ಕೂರಬಾರದೇಕೆ? ಸಾವಿರ ವರ್ಷದಿಂದ ಊರಿನವರಿಗೆ ಇಷ್ಟು ಸರಳ ಉಪಾಯ ಹೊಳೆಯಲಿಲ್ಲವಲ್ಲ ಎಂದು ಅವರ ದಡ್ಡತನಕ್ಕೆ ಮರುಗಿದೆ.

ಸೋಮವಾರ ಮಟಮಟ ಮಧ್ಯಾಹ್ನ. ಬನದಲ್ಲಿ ದಟ್ಟ ಪೊದೆಯ ಮಟ್ಟಿಯೊಂದರ ಹಿಂದೆ ನೋಟ್ ಪುಸ್ತಕ ಹಿಡಿದು ಕೂತಿದ್ದೆ, ಇರುವೆ ಕಚ್ಚಿದರೂ ಅಲುಗಲಿಲ್ಲ. ಗೋಣಿಚೀಲ ಮುಚ್ಚಿದ ಹೊರೆ ಹೊತ್ತು ಒಬ್ಬ ಬಂದ. ಅತ್ತೆಯ ಪಕ್ಕದ ಮನೆಯವನು, ಬೇಲಿಯ ಜಗಳದಿಂದ ವರ್ಷದ ಹಿಂದೆ ಮಾತು ಬಿಟ್ಟವನು. ನಾನು ಎದ್ದು ನಿಂತು, ‘ಸಂತೆಯ ದಿನ ನೀವು ಎಲ್ಲಿದ್ದಿರಿ?’ ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದೆ. ಅವನ ಮುಖ ಕಪ್ಪಿಟ್ಟಿತು. ಹೊರೆಯ ಸಮೇತ ತಿರುಗಿ ನಡೆದ. ನಾನು ಬೆನ್ನಟ್ಟಲಿಲ್ಲ. ಬೆನ್ನಟ್ಟುವುದು ನಮ್ಮ ಪಠ್ಯದಲ್ಲಿ ಇರಲಿಲ್ಲ. ಸೀದಾ ಹೊಸನಗರಕ್ಕೆ ಹೋಗಿ ಅವನ ಹೆಸರು ಬರೆದು ದೂರು ಕೊಟ್ಟೆ.

ಮರುದಿನ ಸೈಕಲ್ ಮೇಲೆ ಬಂದ ಪೇದೆ ಅವನ ಮನೆಯನ್ನೆಲ್ಲ ಊರಿನೆದುರು ಜಾಲಾಡಿದ. ಒಳಕೋಣೆಯಲ್ಲಿ ಹಸಿ ಬಾಣಂತಿ ಮಗುವನ್ನು ತಬ್ಬಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹಂಡೆ ಸಿಗಲಿಲ್ಲ. ಅದನ್ನು ಆಗಲೇ ಹೊಳೆಯ ಗುಂಡಿಗೆ ಎಸೆದುಬಿಟ್ಟಿದ್ದನಂತೆ.

ಗೆದ್ದವನ ಹಾಗೆ ಅತ್ತೆಗೆ ವರದಿ ಒಪ್ಪಿಸಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

‘ಅವ್ನೇ ಅಂತ ನಂಗೆ ಗೊತ್ತಿತ್ತು ಕಣಾ. ಹೆಂಡ್ತಿ ಹೆತ್ತಿದ್ಲು, ನನ್ನ ಕರಿಯಕ್ಕೆ ಅವ್ನಿಗೆ ಬಾಯಿ ಬರ್ಲಿಲ್ಲ. ಹಂಡೆನಾದ್ರೂ ಇರ್ಲಿ ಅಂತ ಹೊತ್ಕೊಂಡು ಹೋದ. ಬನಕ್ಕೆ ಬಂದಿದ್ರೆ ಅದನ್ನ ನಾನೇ ಹೊತ್ಕೊಂಡು ಅವ್ನ ಮನಿಗೆ ಹೋಗಿ ನೀರು ಹಾಕ್ತಿದ್ದೆ. ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?’

ಪ್ರಬಂಧದಲ್ಲಿ ಇದನ್ನೆಲ್ಲ ಬರೆಯಲಿಲ್ಲ. ‘ಪಹರೆಯಿಂದ ಅಪರಾಧಿಯ ಪತ್ತೆ’ ಎಂದು ಒಂದು ಅಧ್ಯಾಯ ಬರೆದೆ. ಪ್ರೊಫೆಸರು ಮೆಚ್ಚಿ ಬೆನ್ನು ತಟ್ಟಿದರು, ಮೊದಲ ದರ್ಜೆ ಬಂತು. ಪಕ್ಕದ ಮನೆಯವನು ಹೆಂಡತಿ ಮಗುವನ್ನು ಕಟ್ಟಿಕೊಂಡು ತೀರ್ಥಹಳ್ಳಿಯ ಕಡೆ ಹೋದ. ಆಮೇಲೆ ಆ ಊರಿನಲ್ಲಿ ಹೋದ ಸಾಮಾನು ಒಂದೂ ಬನಕ್ಕೆ ವಾಪಸು ಬರಲಿಲ್ಲ. ಮಟ್ಟಿಯ ಹಿಂದೆ ಯಾರು ಕೂತಿರುತ್ತಾರೋ ಎಂದು ಎಲ್ಲರಿಗೂ ಹೆದರಿಕೆ.

ಫಲಿತಾಂಶ ಬಂದ ಮೇಲೆ ಸಿಹಿ ಹಿಡಿದುಕೊಂಡು ಅತ್ತೆಯ ಮನೆಗೆ ಹೋದೆ. ಬಾಗಿಲಲ್ಲಿ ಹೊಸ ಬೀಗ ನೇತಾಡುತ್ತಿತ್ತು. ಜಗುಲಿಯಲ್ಲಿ ಕೂತು ಕಾದೆ. ಹುಲ್ಲು ಹೊರೆ ಇಳಿಸಿ ಬಂದ ಅತ್ತೆ ಸೆರಗಿನ ಗಂಟಿನಿಂದ ಬೀಗದಕೈ ತೆಗೆದಳು.

‘ಬೀಗ ಎಂತಕ್ಕೆ ಅತ್ತೆ?’ ಅಂದೆ.

‘ಬರ್ಕೋ,’ ಅಂದಳು. ‘ಅವತ್ತು ನಿನ್ನ ಕಾಗದದಲ್ಲಿ ಖಾಲಿ ಇತ್ತಲ್ಲ.’