ಕೋಲು ಮುಟ್ಟದ ಮರಗಳು

ನನ್ನ ಗಂಡ ಸ್ತಮಾತಿ ಮರಕ್ಕೆ ಕೋಲು ಹಾಕಿದವನಲ್ಲ. ನಮ್ಮ ಕೊರ್ಫು ದ್ವೀಪದಲ್ಲಿ ಹಳಬರು ಯಾರೂ ಹಾಕುವುದಿಲ್ಲ. ಆಲಿವ್ ಮರದಡಿ ಬಲೆ ಹಾಸುತ್ತೇವೆ. ಕಾಯಿ ತಾನಾಗಿ ಬೀಳಬೇಕು. ಚಳಿಗಾಲವೆಲ್ಲ ಬೀಳುತ್ತದೆ, ಬಾಚಿಕೊಳ್ಳುತ್ತೇವೆ.

ಡಾಕ್ಟರು ಅವನ ಎದೆ ನೋಡಿ ತಲೆಯಾಡಿಸಿದ್ದರು. ಅವನು ಕೇಳಿದ್ದು ಒಂದೇ.

“ನನ್ನ ಹೂಳುವಾಗ ಪಾದ್ರಿ ಕೈಲಿ ಮೈಮೇಲೆ ನಮ್ಮ ಎಣ್ಣೆನೇ ಹೊಯ್ಯಿಸು. ಅಪ್ಪನಿಗೆ ನಾನು ಹೊಯ್ಯಿಸಿದ್ದೆ.”

ಹಿಂದಿನ ವರ್ಷ ಮರ ಕಾಯಿ ಬಿಟ್ಟಿರಲಿಲ್ಲ. ಭರಣಿ ಖಾಲಿ. ಹೊಸ ಎಣ್ಣೆಯೇ ಆಗಬೇಕು.

ಬಿಸಿಲು ಸುಟ್ಟರೆ ಆಲಿವ್ ಕಾಯಿಗೆ ಬೀಳುವ ನೊಣ ಸಾಯುತ್ತದೆ. ಆ ಬೇಸಿಗೆ ಸುಡಲಿಲ್ಲ. ನೊಣ ಕಾಯಿಗೆ ಚುಚ್ಚಿ ಮೊಟ್ಟೆ ಇಟ್ಟಿತು, ಹುಳ ಒಳಗಿಂದ ತಿಂದಿತು. ಸರ್ಕಾರದವರು ಮದ್ದು ಹೊಡೆದರು. ಅವತ್ತೇ ಮಳೆ ಬಂದು ತೊಳೆದುಕೊಂಡು ಹೋಯಿತು.

ಸ್ತಮಾತಿ ಬಾಟಲಿಗೆ ತೂತು ಕೊರೆದು, ಕೊಳೆತ ಮೀನಿನ ನೀರು ತುಂಬಿ, ಕೊಂಬೆಗೆ ಕಟ್ಟಿದ. ನೊಣ ಬಿದ್ದು ಬಾಟಲಿ ಕಪ್ಪಾಯಿತು. ಏಣಿ ಮುಟ್ಟಿದಷ್ಟು ನಮ್ಮದು, ಮೇಲಿನದೆಲ್ಲ ನೊಣದ್ದು.

ಪಕ್ಕದ ತೋಟದ ನಿಕಿಫೋರ ಬೇಲಿಯಾಚೆಯಿಂದ ಕೂಗಿದ: “ಏನ್ ಭಾವಾ, ನೊಣಕ್ಕೆ ಮೀನೂಟ ಹಾಕ್ತಿದ್ದೀಯಾ? ಹುಳ ತಿನ್ನೋಕೆ ಮುಂಚೆ, ಹಸಿರಿದ್ದಾಗ್ಲೇ ಬಡಿದು ಗಾಣಕ್ಕೆ ಹಾಕು. ನಂದು ಆಯ್ತು.”

“ನೀನು ಹೆತ್ತವ್ವನಿಗೂ ಬಡಿಯೋನೇ!” ಅಂದ ಇವನು.

“ಬಡಿ, ಮುದುಕಾ,” ಅಂದೆ. “ಇದೊಂದು ಸಲ.”

ಕೋಲು ತಗೊಂಡು ಹೋದ. ಮರದಡಿ ನಿಂತ. ಕೋಲನ್ನು ಕಾಂಡಕ್ಕೆ ಒರಗಿಸಿ ಬಂದ.

“ಕೈ ಏಳಲ್ಲ, ಅರಿಯೆಟ್ಟಾ.”

ಆಮೇಲೆ ಹಾಸಿಗೆ ಹಿಡಿದ. ಚಳಿ ಶುರುವಾಗುವ ಮೊದಲೇ ಬಲೆ ತುಂಬಿತು. ಸುಕ್ಕುಗಟ್ಟಿದ ಕಾಯಿ, ಒಂದೊಂದಕ್ಕೂ ತೂತು. ನಾನೇ ಬಾಚಿ ಗಾಣಕ್ಕೆ ಹೊತ್ತೆ. ಗಾಣದವನು ಎಣ್ಣೆ ಮೂಸಿ, “ಇದು ಸೋಪಿಗೆ ಸರಿ ಅಕ್ಕಾ,” ಅಂದ.

ಮನೆಗೆ ಬಂದರೆ ಇವನು ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದ.

“ಹೆಂಗಿದೆ?”

“ಚೆನ್ನಾಗಿದೆ.”

“ಬ್ರೆಡ್ಡಿಗೆ ಹಾಕ್ಕೊಡು.”

ಕೊಟ್ಟೆ. ಬಾಯಿಗಿಟ್ಟ. ಗೋಡೆ ಕಡೆ ತಿರುಗಿದ.

“ಹುಳ,” ಅಂದ. ಅಷ್ಟೇ.

ಹೂಳುವ ದಿನ ಪಾದ್ರಿ ನನ್ನ ಬಾಟಲಿಯ ಮುಚ್ಚಳ ತೆಗೆದು ಮುಖ ಹಿಂದಕ್ಕೆ ಎಳೆದುಕೊಂಡರು. ನಿಕಿಫೋರ ತನ್ನದನ್ನು ತಂದಿದ್ದ. ಹಸಿರು, ಘಮಘಮ.

“ಇದನ್ನ ಹೊಯ್ಯಿಸಿ ಅಕ್ಕಾ. ಅವನಿಗೇನು ಗೊತ್ತಾಗುತ್ತೆ?”

ಎರಡೂ ಬಾಟಲಿ ನೋಡಿದೆ. ಒಳ್ಳೆಯದು ನಮ್ಮದಲ್ಲ. ನಮ್ಮದು ಒಳ್ಳೆಯದಲ್ಲ.

“ನಮ್ಮದೇ ಹೊಯ್ಯಿರಿ ಸ್ವಾಮಿ,” ಅಂದೆ.

ಪಾದ್ರಿ ಅವನ ಮೈಮೇಲೆ ಶಿಲುಬೆಯ ಹಾಗೆ ಹೊಯ್ದರು. ವಾಸನೆ ಎದ್ದಿತು. ನಿಕಿಫೋರ ತನ್ನ ಬಾಟಲಿಯನ್ನು ಕೋಟಿನೊಳಗೆ ಸೇರಿಸಿಕೊಂಡ.

ಬಲೆ ಇನ್ನೂ ಹಾಸೇ ಇದೆ. ಕೋಲೂ ಅಲ್ಲೇ, ಕಾಂಡಕ್ಕೆ ಒರಗಿಕೊಂಡು. ಕಾಯಿ ಬೀಳುತ್ತಲೇ ಇದೆ.